ಅಣ್ಣನ ಸ್ಕ್ಯಾನ್, ನನ್ನ ಕಾಯಿಲೆ

ನನ್ನ ಕಾಯಿಲೆಯ ಮೊದಲ ಲಕ್ಷಣ ಕಂಡಾಗ ಅಪ್ಪ ನನ್ನನ್ನು ಹೊಗಳಿದ.

ನಿದ್ದೆ ಹಾರಿಹೋಗಿತ್ತು. ಮಲಗಿದರೆ ಕಣ್ಣು ಮುಚ್ಚುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನಾಗಿಯೇ ತೆರೆದುಕೊಳ್ಳುತ್ತಿತ್ತು, ಆಮೇಲೆ ಏನು ಮಾಡಿದರೂ ಮುಚ್ಚುತ್ತಿರಲಿಲ್ಲ. ಕೊಟ್ಟೂರಿನಲ್ಲಿ ನಮ್ಮದು ಮಂಡಕ್ಕಿ ಭಟ್ಟಿ. ಅಕ್ಕಿಗೆ ಉಪ್ಪುನೀರು ಹಾಕಿ, ಕಾದ ಮರಳಿನಲ್ಲಿ ಹುರಿದು, ಜರಡಿ ಹಿಡಿದು, ಬಿಸಿಲೇರುವ ಮೊದಲೇ ಚೀಲ ತುಂಬಿಸಿ ಅಂಗಡಿಗಳಿಗೆ ಕಳಿಸಬೇಕು. ಹಾಗಾಗಿ ಊರು ಏಳುವ ಮೊದಲೇ ನಮ್ಮ ಒಲೆ ಹೊತ್ತಿರುತ್ತದೆ. ಇಂಥ ಮನೆಯಲ್ಲಿ ಎಲ್ಲರಿಗಿಂತ ಮುಂಚೆ ಎದ್ದು ಒಲೆಗೆ ಹೊಟ್ಟು ಹಾಕುವ ಮಗಳಿದ್ದರೆ ಯಾವ ಅಪ್ಪ ಬೇಡ ಎನ್ನುತ್ತಾನೆ?

"ನಮ್ಮ ಗಿರಿಜಿ ಇದ್ರ ಅಲಾರಾಂ ಬ್ಯಾಡ ನೋಡ್ರಿ," ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ.

ಅದು ಕಾಯಿಲೆ ಎಂದು ನನಗೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ನಮ್ಮ ಮನೆಯಲ್ಲಿ ತಲೆಯ ಕಾಯಿಲೆ ಯಾರಿಗೆ ಬರಬೇಕು ಎಂಬುದು ನಾನು ಚಿಕ್ಕವಳಿದ್ದಾಗಲೇ ತೀರ್ಮಾನವಾಗಿತ್ತು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಆ ಜಾಗಕ್ಕೆ ಅಣ್ಣನ ಹೆಸರಿನಲ್ಲಿ ಟವೆಲ್ ಬಿದ್ದಿತ್ತು.

ಅಣ್ಣ ಬಸವರಾಜ ನನಗಿಂತ ಎರಡು ವರ್ಷ ದೊಡ್ಡವನು. ನಾನಿನ್ನೂ ಮೂರನೇ ತರಗತಿಗೆ ಹೋಗುತ್ತಿದ್ದಾಗ ಅವನಿಗೆ ಜ್ವರ ಬಂದು ಫಿಟ್ಸ್ ಆಯಿತು. ಇಳಿಯಿತು ಎನ್ನುವಷ್ಟರಲ್ಲಿ ಮತ್ತೊಮ್ಮೆ ಆಯಿತು. ಕೂಡ್ಲಿಗಿಯ ಡಾಕ್ಟರು ಬಳ್ಳಾರಿಗೆ ಬರೆದುಕೊಟ್ಟರು, ಬಳ್ಳಾರಿಯವರು ಬೆಂಗಳೂರಿಗೆ ಬರೆದುಕೊಟ್ಟರು. ನನ್ನನ್ನು ಬಿಟ್ಟುಹೋಗಲು ಯಾರೂ ಇರಲಿಲ್ಲ, ಕರೆದುಕೊಂಡೇ ಹೋದರು. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ಮೆದುಳಿನ ಬಗ್ಗೆ ಏನೋ ಸಂಶೋಧನೆ ನಡೆದಿತ್ತು. ಫಿಟ್ಸ್ ಬಂದ ಮಕ್ಕಳಿಗೆಲ್ಲ ಎಂಆರ್‌ಐ ತೆಗೆಯುತ್ತಿದ್ದರು. ಅಣ್ಣನನ್ನು ಬಿಳಿ ಬಟ್ಟೆ ಹೊದಿಸಿ ಆ ದೊಡ್ಡ ಯಂತ್ರದ ಬಾಯೊಳಗೆ ತಳ್ಳಿದಾಗ, ನನಗೂ ಫೋಟೋ ತೆಗೆಯಿರಿ ಎಂದು ನಾನು ನೆಲಕ್ಕೆ ಬಿದ್ದು ರಂಪ ಮಾಡಿದೆನಂತೆ. ಅವ್ವ ಅದನ್ನು ನಗುತ್ತಾ ಹೇಳುತ್ತಿದ್ದಳು. ಈಗ ಹೇಳುವುದಿಲ್ಲ.

ಡಾಕ್ಟರು ಒಳ್ಳೆಯವರೇ. ಫಿಲ್ಮನ್ನು ದೀಪದ ಹಲಗೆಗೆ ಸಿಕ್ಕಿಸಿ ಸಾವಧಾನವಾಗಿ ತಿಳಿಸಿದರು. ಮೆದುಳಿನೊಳಗೆ ನೀರು ತುಂಬಿದ ಸಣ್ಣ ಕೋಣೆಗಳಿರುತ್ತವೆ. ನಿಮ್ಮ ಹುಡುಗನ ಕೋಣೆಗಳು ಅವನ ವಯಸ್ಸಿಗೆ ಸ್ವಲ್ಪ ದೊಡ್ಡವಾಗಿವೆ. ಇಂಥ ಮಕ್ಕಳಲ್ಲಿ ಕೆಲವರಿಗೆ ದೊಡ್ಡವರಾದ ಮೇಲೆ ಮನಸ್ಸಿನ ಕಾಯಿಲೆ ಬರುತ್ತದೋ ಏನೋ ಎಂದು ನಾವು ನೋಡುತ್ತಿದ್ದೇವೆ. ಬರಬಹುದು, ಬಾರದೆಯೂ ಇರಬಹುದು. ವರ್ಷಕ್ಕೊಮ್ಮೆ ಕರೆದುಕೊಂಡು ಬನ್ನಿ. ಮನೆಯಲ್ಲಿ ಗಮನ ಇಡಿ. ಹೀಗೆ ಹೇಳಿ, ಏನೇನು ಕೇಳುತ್ತಿರಬೇಕು ಎಂದು ಅವ್ವನಿಗೆ ಬಾಯಿಪಾಠವೂ ಮಾಡಿಸಿದರು.

ಅಪ್ಪನಿಗೆ ಕೇಳಿಸಿದ್ದು 'ಬರಬಹುದು' ಎಂಬ ಒಂದೇ ಮಾತು.

ಮರುವರ್ಷ ಹೋಗಲಿಲ್ಲ. ಅದರ ಮರುವರ್ಷವೂ ಹೋಗಲಿಲ್ಲ. ಹೋದರೆ ಎಲ್ಲಿ 'ಬಂತು' ಎಂದುಬಿಡುತ್ತಾರೋ ಎಂದು ಅಪ್ಪನಿಗೆ ಹೆದರಿಕೆ. ಆ ಡಾಕ್ಟರಿಗೆ ಬೇಕಿದ್ದ ಉತ್ತರ ನಮ್ಮ ಮನೆಯಿಂದ ಹೋಗಲೇ ಇಲ್ಲ. ಅವರ ಪ್ರಶ್ನೆ ಮಾತ್ರ ನಮ್ಮ ಮನೆಯಲ್ಲಿ ಉಳಿದುಕೊಂಡಿತು, ಊಟ ಮಾಡಿತು, ನಮ್ಮ ಜೊತೆಗೇ ಬೆಳೆಯಿತು.

ಅವ್ವ ದಿನಾ ಬೆಳಿಗ್ಗೆ ಅಣ್ಣನನ್ನು ಮುಂದೆ ಕೂರಿಸಿಕೊಂಡು ನೆತ್ತಿಗೆ ಹರಳೆಣ್ಣೆ ತಟ್ಟುತ್ತಾ ಕೇಳುತ್ತಿದ್ದಳು. ನಿದ್ದಿ ಬಂತೇನು? ಊಟ ಸೇರ್ತೈತೇನು? ಯಾರರ ಕರ್ದಂಗ ಆತೇನು? ಯಾರ ಮ್ಯಾಲರ ಅನುಮಾನ ಬಂದೈತೇನು? ಮನಸ್ಸಿಗೆ ಬ್ಯಾಸರ ಐತೇನು? ಅಣ್ಣ ಬಂತು, ಹೂಂ, ಇಲ್ಲ, ಇಲ್ಲ, ಇಲ್ಲ ಎನ್ನುತ್ತಿದ್ದ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಾಗಲೂ ಅವನ ದನಿ ಹಾಗೆಯೇ ಇರುತ್ತಿತ್ತು.

ಕಾವು ತಲೆಗೆ ಆಗದು ಎಂದು ಅವನನ್ನು ಭಟ್ಟಿಯ ಹತ್ತಿರ ಬಿಡುತ್ತಿರಲಿಲ್ಲ. ಬಿಸಿಲಲ್ಲಿ ಆಡಬಾರದು, ಸಾವಿನ ಮನೆಗೆ ಹೋಗಬಾರದು, ಹೆಚ್ಚು ಓದಬಾರದು. ಪಿಯುಸಿಗೆ ಬೇರೆ ಊರಿಗೆ ಹೋಗುತ್ತೇನೆಂದ, ಬಿಡಲಿಲ್ಲ. ಯಾಕೆ ಎಂದು ಹೊರಗಿನವರಿಗೆ ಹೇಳುವಂತಿಲ್ಲ, ಹೇಳಿದರೆ ಮುಂದೆ ಹೆಣ್ಣು ಕೊಡುವವರು ಯಾರು? ಹಾಗಾಗಿ ಗೆಳೆಯರು ಇವನಿಗೆ ಕೊಬ್ಬು ಎಂದುಕೊಂಡು ಒಬ್ಬೊಬ್ಬರಾಗಿ ದೂರವಾದರು. ಒಂಟಿಯಾಗಿ ಕೂತರೆ ಯಾಕೆ ಒಂಟಿಯಾಗಿ ಕೂತೆ ಎಂದು ಕೇಳುತ್ತಿದ್ದರು. ಒಂಟಿ ಮಾಡಿದವರೂ ಅವರೇ.

ನನಗೆ ಅದೆಲ್ಲ ಕಾಣುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚು. ಅವನಿಗೆ ಒಂದು ಆಕಳಿಕೆ ಬಂದರೆ ಮನೆ ತಿರುಗಿ ನೋಡುತ್ತಿತ್ತು. ನನಗೆ ಟೈಫಾಯಿಡ್ ಬಂದು ಇಳಿದದ್ದು ಅಪ್ಪನಿಗೆ ನೆನಪಿದೆಯೋ ಇಲ್ಲವೋ. ಹೈಸ್ಕೂಲು ಮುಗಿದದ್ದೇ ತಡ, ಭಟ್ಟಿಯಲ್ಲಿ ಅಣ್ಣನ ಪಾಲಿನ ಕೆಲಸ ನನಗೆ ಬಂತು. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಿದ್ದೆಯ ಹಿಂದೆ ಹಸಿವು ಹೋಯಿತು.

ಶ್ರಾವಣ ಬಂದಿತ್ತು. ಸೋಮವಾರ ಒಪ್ಪತ್ತು ಮಾಡುತ್ತಿದ್ದವಳು ಎರಡು ದಿನ, ಮೂರು ದಿನ ಒಪ್ಪತ್ತು ಮಾಡತೊಡಗಿದೆ. ಮಗಳಿಗೆ ಭಕ್ತಿ ಬಂದಿದೆ ಎಂದು ಅವ್ವ ಕಾಯಿ ಒಡೆಸಿದಳು. ಭಕ್ತಿ ಅಲ್ಲ, ರೊಟ್ಟಿ ಬಾಯಲ್ಲಿ ಸುತ್ತುತ್ತಲೇ ಇರುತ್ತಿತ್ತು, ಗಂಟಲಿಗೆ ಇಳಿಯುತ್ತಿರಲಿಲ್ಲ. ಆಮೇಲೆ ಮಾತು ಹೋಯಿತು. ಮಾತಾಡಬಾರದು ಎಂದಲ್ಲ. ಒಂದು ಮಾತು ಆಡಬೇಕಾದರೆ ತುಂಬಿದ ಚೀಲ ಎತ್ತಿದಷ್ಟು ದಣಿವು. ಅದೇ ಹೊತ್ತಿಗೆ ಹಂಪಸಾಗರದ ಕಡೆಯಿಂದ ನನ್ನನ್ನು ನೋಡಲು ಒಂದು ಮನೆತನದವರು ಬಂದರು. ನಾನು ಚಹಾ ಕೊಟ್ಟು ಕೂತೆ. ತಲೆ ಎತ್ತಲಿಲ್ಲ, ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

"ಈಗಿನ ಕಾಲದಾಗ ಇಷ್ಟು ತಗ್ಗಿ ಬಗ್ಗಿ ಇರೋ ಹುಡುಗಿ ಎಲ್ಲಿ ಸಿಗ್ತಾಳ್ರಿ," ಎಂದಳು ಹುಡುಗನ ಚಿಕ್ಕಮ್ಮ.

ಅವ್ವನ ಮುಖ ಅರಳಿತು. ಅವಳು ಅಷ್ಟು ಸಂತೋಷವಾಗಿ ನನ್ನ ಕಡೆ ನೋಡಿದ್ದು ಅಪರೂಪ. ಆ ಸಂತೋಷದ ಎದುರಿನಲ್ಲಿ ಕೂತು ನಾನು ಸತ್ತುಹೋದರೆ ಒಳ್ಳೆಯದು ಎಂದು ಯೋಚಿಸುತ್ತಿದ್ದೆ.

ಹೀಗೆ ಬರೆಯುವುದು ಈಗಲೂ ಸುಲಭವಲ್ಲ. ಆದರೆ ಬರೆಯಬೇಕು. ಹುಡುಗರಿಗೆ ಬಂದರೆ ಕಾಯಿಲೆ ಎನಿಸಿಕೊಳ್ಳುವುದೆಲ್ಲ ನನ್ನ ಮೈಮೇಲೆ ಒಳ್ಳೆಯ ಗುಣವಾಗಿ ಕಂಡಿತು. ನಿದ್ದೆ ಇಲ್ಲದ್ದು ಚುರುಕು, ಊಟ ಇಲ್ಲದ್ದು ಭಕ್ತಿ, ಮಾತಿಲ್ಲದ್ದು ಮರ್ಯಾದೆ. ಕಾಯಿಲೆ ಹೆಚ್ಚಾದಷ್ಟೂ ನಾನು ಒಳ್ಳೆಯ ಮಗಳಾಗುತ್ತಾ ಹೋದೆ. ಮನೆ ತುಂಬ ಜನ, ಭಟ್ಟಿ ತುಂಬ ಆಳುಗಳು, ಹೊರಗೆ ಚೀಲ ಒಯ್ಯುವವರ ಗಲಾಟೆ, ನಡುವೆ ನಾನು ಬಾವಿಯ ತಳದಿಂದ ಮೇಲಿನವರ ಮಾತು ಕೇಳುತ್ತಿರುವಂತೆ ಇದ್ದೆ. ಅಷ್ಟು ಒಂಟಿತನ ನನಗೆ ಅದಕ್ಕೆ ಮುಂಚೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಣದಲ್ಲಿ ಬೇಯಿಸಿದ ಭತ್ತ ಒಣಹಾಕಿ ನನ್ನನ್ನು ಕಾಯಲು ಕೂರಿಸಿದ್ದರು. ಕೈಯಲ್ಲಿ ಕೋಲಿತ್ತು. ಆಡೊಂದು ಬಂದು ನನ್ನ ಕಾಲ ಪಕ್ಕದಲ್ಲೇ ಭತ್ತ ತಿನ್ನತೊಡಗಿತು. ನೋಡುತ್ತಿದ್ದೆ. ಓಡಿಸಬೇಕು ಎಂದು ಗೊತ್ತಿತ್ತು. ಕೈ ಏಳಲಿಲ್ಲ. ಅವ್ವ ಒಳಗಿನಿಂದ ಬೈದಳು. ಕೈ ಆಗಲೂ ಏಳಲಿಲ್ಲ.

ಅಣ್ಣ ಬಂದು ಆಡು ಓಡಿಸಿದ. ಹೋಗುತ್ತಾನೆ ಎಂದುಕೊಂಡೆ, ಹೋಗಲಿಲ್ಲ. ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತು ಮುಖ ನೋಡಿದ.

"ಲೇ ಗಿರಿಜಿ, ನಿದ್ದಿ ಬರ್ತೈತೇನು?"

ಅವ್ವನ ಪ್ರಶ್ನೆ, ಅವ್ವನದೇ ರಾಗ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಮುಖದಲ್ಲಿ ತಮಾಷೆ ಇರಲಿಲ್ಲ.

"ಇಲ್ಲ," ಎಂದೆ.

"ಊಟ ಸೇರ್ತೈತೇನು?"

"ಮಣ್ಣು ತಿಂದಂಗ ಆಗ್ತೈತಿ."

"ಯಾರರ ಕರ್ದಂಗ?"

"ಇಲ್ಲ."

"ಬ್ಯಾಸರ?"

ಹೂಂ ಎಂದು ತಲೆ ಆಡಿಸಿದೆ. ಅವನು ಸ್ವಲ್ಪ ಹೊತ್ತು ಭತ್ತದಲ್ಲಿ ಬೆರಳಾಡಿಸಿ, ಆಮೇಲೆ ಅವ್ವ ಎಂದೂ ಕೇಳದ ಒಂದು ಪ್ರಶ್ನೆ ಕೇಳಿದ.

"ಸಾಯ್ಬೇಕು ಅನ್ನಿಸ್ತೈತೇನು?"

ನಾನು ಅತ್ತೆ. ಎಷ್ಟೋ ತಿಂಗಳಿಂದ ಬಾರದಿದ್ದ ಅಳು. ಬೆಂಗಳೂರಿನ ಡಾಕ್ಟರು ಈ ಪ್ರಶ್ನೆಯನ್ನೂ ಕೇಳಬೇಕು ಎಂದು ಅವ್ವನಿಗೆ ಹೇಳಿದ್ದರಂತೆ. ಅವ್ವನ ನಾಲಿಗೆಗೆ ಅದು ಬಂದಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅಣ್ಣ ಮಾತ್ರ ಕೇಳಿಸಿಕೊಂಡು, ಇಷ್ಟು ವರ್ಷ ತನ್ನೊಳಗೇ ಇಟ್ಟುಕೊಂಡಿದ್ದ.

"ನನಗೂ ಒಮ್ಮೆ ಹಂಗ ಅನ್ನಿಸಿತ್ತು," ಎಂದ. "ಹೇಳಿದ್ರ, ನೋಡು ಬಂತು ಅಂತಿದ್ರು. ಅದಕ್ಕ ಹೇಳ್ಲಿಲ್ಲ."

ಎಲ್ಲರ ಕಣ್ಣೂ ಅವನ ಮೇಲಿದ್ದವು, ಅವನು ಬಾಯಿ ಬಿಡುವಂತಿರಲಿಲ್ಲ. ನನ್ನ ಮೇಲೆ ಯಾರ ಕಣ್ಣೂ ಇರಲಿಲ್ಲ, ನಾನು ಬಾಯಿ ಬಿಟ್ಟರೂ ಕೇಳುವವರಿರಲಿಲ್ಲ. ಒಂದೇ ಸೂರಿನಡಿ ಇಬ್ಬರೂ ಇಷ್ಟು ವರ್ಷ ಹಾಗೆಯೇ ಇದ್ದೆವು. ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ನೆನಪಾಗಿ ಇನ್ನಷ್ಟು ಅಳು ಬಂತು.

ಅಂದು ಸಂಜೆ ಅವನು ಅಪ್ಪ ಅವ್ವನಿಗೆ ಹೇಳಿದ. ಗಿರಿಜಿಗೆ ಹುಷಾರಿಲ್ಲ, ಮನಸ್ಸಿನ ಕಾಯಿಲೆ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಆಕೆಯನ್ನು ಒಬ್ಬಳನ್ನೇ ಬಿಡಬಾರದು.

ಅಪ್ಪ ಅವನನ್ನೇ ದಿಟ್ಟಿಸಿ ನೋಡಿದ. ಅವ್ವ ಗೋಡೆ ಹಿಡಿದು ಕೂತಳು.

"ಬಂತಲ್ಲಪ್ಪ, ಬಂತು," ಎಂದಳು. ನನಗಲ್ಲ, ಅವನಿಗೆ.

ಇದನ್ನು ಹೇಳಿದರೆ ಈಗ ಯಾರೂ ನಂಬುವುದಿಲ್ಲ, ಆದರೆ ನಮ್ಮಂಥ ಮನೆಯಲ್ಲಿ ಬೆಳೆದವರು ನಂಬುತ್ತಾರೆ. ಚುರುಕಾಗಿ ಕೆಲಸ ಮಾಡಿಕೊಂಡು, ಒಪ್ಪತ್ತು ಮಾಡಿಕೊಂಡು, ಹೊರಗಿನವರಿಂದ ಭೇಷ್ ಎನ್ನಿಸಿಕೊಂಡ ತಂಗಿಗೆ ಹುಚ್ಚು ಎನ್ನುವ ಅಣ್ಣನಿಗೆ ಇನ್ನೇನು ಆಗಿರಬೇಕು? ಯಾರ ಮೇಲಾದರೂ ಅನುಮಾನ ಬರುತ್ತದೆ ಎಂದು ಡಾಕ್ಟರು ಹೇಳಿರಲಿಲ್ಲವೇ? ಅವರು ಇಷ್ಟು ವರ್ಷ ಕಾದದ್ದು ಇದಕ್ಕೇ.

"ಅಣ್ಣ ಹೇಳಿದ್ದು ಖರೇನಪ್ಪ," ಎಂದೆ.

"ಸ್ಕ್ಯಾನಿಂಗಿನ್ಯಾಗ ಬಂದಿರೋದು ಅವಂದು, ನಿಂದಲ್ಲ. ಸುಮ್ನಿರು," ಎಂದ ಅಪ್ಪ. ಸಿಟ್ಟಿನಿಂದಲ್ಲ. ನನಗೆ ಧೈರ್ಯ ಹೇಳುವ ದನಿಯಲ್ಲಿ.

ಅಣ್ಣ ವಾದ ಮಾಡಬಹುದಿತ್ತು. ಕೂಗಾಡಬಹುದಿತ್ತು. ಕೂಗಾಡಿದ್ದರೆ ಅದೂ ಲಕ್ಷಣವೇ ಆಗುತ್ತಿತ್ತು, ಅವನಿಗೆ ಅದು ಗೊತ್ತಿತ್ತು. ತಣ್ಣಗೆ ಹೇಳಿದ.

"ಆತು, ನಾಳೆ ದಾವಣಗೆರೆಗೆ ಹೋಗೋಣ ನಡ್ರಿ. ಗಿರಿಜಿ ಜೊತಿಗೆ ಬರ್ಲಿ. ಆಕಿ ಇದ್ರ ನಾ ಸುಮ್ಮನ ಬರ್ತೀನಿ."

ಹೀಗೆ ನನ್ನನ್ನು ಆಸ್ಪತ್ರೆಗೆ ಮುಟ್ಟಿಸಲು ಅವನು ರೋಗಿಯಾದ. ಹನ್ನೆರಡು ವರ್ಷ ಯಾವ ಹೆಸರಿನಿಂದ ತಪ್ಪಿಸಿಕೊಳ್ಳಲು ಅಷ್ಟು ಹುಷಾರಾಗಿ ಬದುಕಿದ್ದನೋ, ಅದನ್ನು ತಾನಾಗಿಯೇ ಮೈಮೇಲೆ ಹಾಕಿಕೊಂಡ.

ಬಸ್ಸಿನಲ್ಲಿ ಅಪ್ಪ ಅವನ ಒಂದು ತೋಳು ಹಿಡಿದಿದ್ದ, ಅವ್ವ ಇನ್ನೊಂದು. ನಾನು ಹಿಂದಿನ ಸೀಟಿನಲ್ಲಿ ಒಬ್ಬಳೇ. ಹರಪನಹಳ್ಳಿಯಲ್ಲಿ ಬಸ್ಸು ನಿಂತಾಗ ಅವ್ವ ಅವನಿಗೆ ಎಳನೀರು ಕೊಡಿಸಿದಳು. ಅವನು ಅದನ್ನು ತಿರುಗಿ ನನ್ನ ಕೈಗೆ ಕೊಟ್ಟ. ಅವ್ವ ಅದಕ್ಕೂ ಕಣ್ಣೊರೆಸಿಕೊಂಡಳು.

ಆಸ್ಪತ್ರೆಯ ಮನೋರೋಗ ಓಪಿಡಿಯಲ್ಲಿ ಡಾಕ್ಟರು ಒಬ್ಬ ಹೆಣ್ಣುಮಗಳು, ವಯಸ್ಸು ಹೆಚ್ಚಿಲ್ಲ. ಅಪ್ಪ ಮೊದಲು ಮಾಡಿದ ಕೆಲಸ ಹಳೆಯ ಎಂಆರ್‌ಐ ಫಿಲ್ಮು ತೆಗೆದು ಮೇಜಿನ ಮೇಲೆ ಇಟ್ಟದ್ದು. ಅವರು ನೋಡಿದರು. ಬೆಂಗಳೂರಿನಲ್ಲಿ ಏನು ಹೇಳಿದ್ದರು ಎಂದು ಕೇಳಿದರು. ಆಮೇಲೆ ಅಣ್ಣನ ಕಡೆ ತಿರುಗಿ, ನಿದ್ದೆ ಬರುತ್ತದೆಯೇ ಎಂದು ಶುರು ಮಾಡಿದರು.

"ನನಗೆಲ್ಲ ಬರ್ತೈತ್ರಿ ಮೇಡಂ," ಎಂದ ಅಣ್ಣ. "ಪೇಷಂಟ್ ನಾನಲ್ಲ, ಈಕಿ. ಈಕಿನ್ನ ಕೇಳ್ರಿ."

ಅಪ್ಪ ಎದ್ದು ನಿಂತ. ಡಾಕ್ಟರು ಕೂತುಕೊಳ್ಳಿ ಎಂದು ಕೈ ಮಾಡಿದರು. ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಬಾಕಿಯವರನ್ನೆಲ್ಲ ಹೊರಗೆ ಕಳಿಸಿದರು.

ಏನು ಕೇಳಿದರು, ಏನು ಹೇಳಿದೆ, ಪೂರ್ತಿ ನೆನಪಿಲ್ಲ. ಅಣ್ಣ ಕಣದಲ್ಲಿ ಕೇಳಿದ್ದನ್ನೇ ಸ್ವಲ್ಪ ಹಿಂದೆ ಮುಂದೆ ಮಾಡಿ ಕೇಳಿದರು. ಒಮ್ಮೆ ಹೇಳಿದ್ದರಿಂದ ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ. ಡಿಪ್ರೆಶನ್, ತೀವ್ರವಾದದ್ದು, ಒಂದಷ್ಟು ದಿನ ಅಡ್ಮಿಟ್ ಆಗಬೇಕು ಎಂದರು. ಅಪ್ಪ ಅವ್ವನನ್ನು ಒಳಗೆ ಕರೆದು ಅದನ್ನೇ ಹೇಳಿದರು.

ಅಪ್ಪ ಮೇಜಿನ ಮೇಲಿನ ಫಿಲ್ಮು ನೋಡಿದ, ನನ್ನನ್ನು ನೋಡಿದ. "ಹಂಗಾರ ಈಕಿ ತಲಿನೂ ಸ್ಕ್ಯಾನ್ ತೆಗೀರಿ," ಎಂದ ಕೊನೆಗೆ.

"ಬೇಡ್ರಿ," ಎಂದರು ಅವರು. "ಆಕೆ ಬಾಯಿಬಿಟ್ಟು ಹೇಳ್ತಾ ಇದ್ದಾಳೆ."

"ಮತ್ತ ಅವನ ಸ್ಕ್ಯಾನು?"

"ಚಿತ್ರ ನೋಡಿ ಮುಂದೆ ಬರೋದನ್ನ ಹೇಳಕ್ಕೆ ಆಗುತ್ತಾ ಅಂತ ಹುಡುಕ್ತಾ ಇದ್ದಾರೆ. ಮುಂದೊಂದು ದಿನ ಆಗಬಹುದು, ನಾನು ಇಲ್ಲ ಅನ್ನಲ್ಲ. ಆದರೆ ನೂರಾರು ಮಕ್ಕಳನ್ನ ನೋಡಿ ಹೇಳೋ ಮಾತು ನಿಮ್ಮೊಬ್ಬ ಮಗನ ಹಣೆಬರಹ ಅಲ್ಲ. ಇವತ್ತು ಅವನು ಆರೋಗ್ಯವಾಗಿದ್ದಾನೆ. ಅಷ್ಟೇ ನನಗೆ ಕಾಣೋದು."

ಅಪ್ಪ ಫಿಲ್ಮನ್ನು ಕವರಿನೊಳಗೆ ಹಾಕಲು ಹೋದ. ಅಂಚು ಮಡಚಿ ಅದು ಒಳಗೆ ಹೋಗಲಿಲ್ಲ. ಅಣ್ಣನೇ ಇಸಿದುಕೊಂಡು ಹಾಕಿದ.

ಆಸ್ಪತ್ರೆಯ ದಿನಗಳು ಚೆನ್ನಾಗಿದ್ದವು ಎಂದು ಬರೆಯಲಾರೆ. ಮಾತ್ರೆ ಶುರುವಾದ ಮೇಲೆ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಕೈ ನಡುಗುತ್ತಿತ್ತು. ನಿಂತರೆ ತಲೆ ಸುತ್ತು. ಮೊದಲ ವಾರಗಳಲ್ಲಿ ಏನೂ ಬದಲಾಗಲಿಲ್ಲ. ಪಕ್ಕದ ಹಾಸಿಗೆಯವರ ಕಡೆಯ ಜನ ಬುತ್ತಿ ಬಿಚ್ಚಿ ನಗುತ್ತಾ ಉಣ್ಣುವಾಗ ನಾನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಅವ್ವ ನನ್ನ ಕಾಲ ಹತ್ತಿರ ಕೂತಿರುತ್ತಿದ್ದಳು. ನನ್ನ ಜೊತೆ ಏನು ಮಾತಾಡಬೇಕು ಎಂದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾವು ಮಾತಾಡಿದ್ದೆಲ್ಲ ಅಣ್ಣನ ಬಗ್ಗೆ. ಆ ಮಾತು ತೆಗೆದುಬಿಟ್ಟರೆ ನಮ್ಮಿಬ್ಬರ ನಡುವೆ ಏನೂ ಉಳಿದಿರಲಿಲ್ಲ.

ಒಂದು ದಿನ ನನ್ನ ಪಾದ ತಿಕ್ಕುತ್ತಾ, "ನನಗ ಕಾಣಲೇ ಇಲ್ಲವ್ವ," ಎಂದಳು. ನನಗೆ ಸಿಟ್ಟು ಇತ್ತು. ಇಂದಿಗೂ ಸ್ವಲ್ಪ ಇದೆ.

ಆಮೇಲೆ ನಿದ್ದೆ ಬಂತು. ಒಂದು ಬೆಳಿಗ್ಗೆ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಎಷ್ಟು ವರ್ಷದ ಮೇಲೆ ನಾನು ಬಿಸಿಲಿಗೆ ಎದ್ದೆನೋ. ಹಸಿವಾಗಿತ್ತು. ಉಪ್ಪಿಟ್ಟು ತಿಂದೆ, ಇನ್ನೊಂದು ತಟ್ಟೆ ಕೇಳಿದೆ. ಅವ್ವ ಓಡಿದಳು.

ಊರಲ್ಲಿ ನನಗೆ ಕಾಮಾಲೆ ಎಂದು ಹೇಳಿದ್ದರು. ಮನೆಗೆ ಬಂದದ್ದೇ ಓಣಿಯ ಹೆಂಗಸರೆಲ್ಲ ನೆಲನೆಲ್ಲಿ ಅರೆದುಕೊಂಡು ಬಂದರು. ಇಲ್ಲದ ರೋಗಕ್ಕೆ ಬೆಳಿಗ್ಗೆ ಬೆಳಿಗ್ಗೆ ಕಹಿ ಕುಡಿಯಬೇಕಾಯಿತು. ಹಂಪಸಾಗರದವರು ಮತ್ತೆ ಬರಲಿಲ್ಲ. ನನಗೆ ಬೇಸರವಾಗಲಿಲ್ಲ, ಅವ್ವನಿಗೆ ಆಯಿತು. ಈಗ ಭಟ್ಟಿಗೆ ಒಬ್ಬ ಹೆಣ್ಣಾಳು ಬರುತ್ತಾಳೆ. ನಾನು ಬೆಳಕಾದ ಮೇಲೆ ಏಳುತ್ತೇನೆ, ಲೆಕ್ಕ ಕೇಳುವವರಿಗೆ ಉತ್ತರ ಕೊಡುತ್ತೇನೆ, ಮಾತ್ರೆ ನುಂಗುತ್ತೇನೆ. ಕಾಯಿಲೆ ಮತ್ತೆ ಬರಬಹುದು, ಬಾರದೆಯೂ ಇರಬಹುದು ಎಂದಿದ್ದಾರೆ. ಈ ಸಲ ಎರಡು ಮಾತನ್ನೂ ಕೇಳಿಸಿಕೊಂಡಿದ್ದೇನೆ.

ಕಣ್ಣುಗಳೆಲ್ಲ ಈಗ ನನ್ನ ಮೇಲೆ ಬಂದಿವೆ. ಚಿಕ್ಕವಳಿದ್ದಾಗ ಅವಕ್ಕಾಗಿ ಎಷ್ಟು ಆಸೆಪಟ್ಟಿದ್ದೆ. ಸಿಕ್ಕಮೇಲೆ ಗೊತ್ತಾಯಿತು, ಅವು ಭಾರ. ನಾನು ಬಾಗಿಲು ಹಾಕಿಕೊಂಡರೆ ಯಾರಾದರೂ ಬಂದು ತಟ್ಟುತ್ತಾರೆ. ಅಣ್ಣ ಅಷ್ಟು ವರ್ಷ ಇದನ್ನು ಹೊತ್ತು ಹೇಗೆ ಸುಮ್ಮನೆ ನಡೆದನೋ ಎಂದು ಒಮ್ಮೊಮ್ಮೆ ಕೂತು ಯೋಚಿಸುತ್ತೇನೆ.

ಕಳೆದ ತಿಂಗಳು ಅವನು ಹೊಸಪೇಟೆಗೆ ಹೋದ, ಮೋಟರು ವೈಂಡಿಂಗ್ ಕಲಿಯಲು. ಯಾವ ಕಾಲದಿಂದಲೋ ಕೇಳುತ್ತಿದ್ದ, ಅಪ್ಪ ಯಾವ ಕಾಲದಿಂದಲೋ ಬೇಡ ಎನ್ನುತ್ತಿದ್ದ. ಈ ಸಲ ಅಪ್ಪನೇ ಬ್ಯಾಗಿನ ಜಿಪ್ಪು ಎಳೆದುಕೊಟ್ಟ. ಬಸ್ ಸ್ಟ್ಯಾಂಡಿಗೆ ನಾನೂ ಅವ್ವನೂ ಹೋಗಿದ್ದೆವು. ಇಪ್ಪತ್ಮೂರು ವರ್ಷದ ಹುಡುಗ ಮೊದಲ ಬಾರಿ ಒಬ್ಬನೇ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕೂತು ನಮಗೆ ಕೈ ಮಾಡಿದ. ಪಕ್ಕದಲ್ಲಿ ಅವನದೇ ವಯಸ್ಸಿನ ಯಾರೋ ಬಂದು ಕೂತರು. ಆ ಹುಡುಗ ಏನು ಹೇಳಿದನೋ, ಅಣ್ಣ ನಕ್ಕ. ಸುಮ್ಮನೆ ನಕ್ಕದ್ದಲ್ಲ, ತಲೆ ಹಿಂದಕ್ಕೆ ಹಾಕಿ ಕೇಕೆ ಹೊಡೆದು ನಕ್ಕ. ಬಸ್ಸಿನವರು ತಿರುಗಿ ನೋಡಿದರು. ಅವನು ಹಾಗೆ ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅವ್ವ ಗಾಬರಿಯಿಂದ ನನ್ನ ಕೈ ಹಿಡಿದಳು. "ಯಾಕ ಹಂಗ ನಗಾಕ ಹತ್ಯಾನ ಅವ?"

"ನಗ್ಲಿ ಬಿಡವ್ವ," ಎಂದೆ.

ಬಸ್ಸು ಹೊರಟಿತು. ಅವನು ಇನ್ನೂ ನಗುತ್ತಿದ್ದ. ಅವ್ವ ನನ್ನ ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.